ಹಳೆ ಮನೆಯ ಗೋಡೆಗೆ ಮತ್ತೆ ಗಾರೆ, ಬಿಸಿಲಿಗೆ ತಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆ ಇರುವ ನಮ್ಮ ಅಜ್ಜನ ಕಾಲದ ಮನೆಗೆ ಎರಡು ಸಲ ಗಾರೆ ಮಾಡಿಸಿದ್ದೇನೆ. ಮೊದಲನೇ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ. ಅದಾದ ಮೇಲೆ ನೆಂಟರು, ಸ್ನೇಹಿತರು, ಸ್ನೇಹಿತರ ಅಣ್ಣತಮ್ಮಂದಿರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಕಳಿಸಬಹುದು ಅಂತ ಬರೆದೆ. ಮಣ್ಣಿನ ಗೋಡೆ, ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಕರಾವಳಿಯ ಕೆಂಪು ಕಲ್ಲಿನ (ಮುರಕಲ್ಲಿನ) ಗೋಡೆ, ಬಯಲುಸೀಮೆಯ ಕಲ್ಲು-ಮಣ್ಣಿನ ಗೋಡೆ, ಇವಕ್ಕೆ ಈ ಮಾತು. ಸಿಮೆಂಟ್ ಬ್ಲಾಕಿನ ಮನೆಗೆ ಅಲ್ಲ.

ನಮ್ಮ ಗೋಡೆ ಯಾವುದರದ್ದು ಅಂತ ತಿಳಿಯೋದು ಹೇಗೆ?

ಮೊದಲು ಕಿಟಕಿ ಹತ್ತಿರ ಗೋಡೆಯ ದಪ್ಪ ಅಳೆಯಿರಿ. ಒಂದು ಅಡಿಗಿಂತ ಜಾಸ್ತಿ ಇದ್ದರೆ ಬಹುಮಟ್ಟಿಗೆ ಹಳೆ ಕಾಲದ ಕಟ್ಟಡ. ಆಮೇಲೆ ಕಣ್ಣಿಗೆ ಬೀಳದ ಜಾಗದಲ್ಲಿ, ಬೀರು ಹಿಂದೆಯೋ ಅಟ್ಟದ ಮೇಲೋ, ಒಂದು ಸಣ್ಣ ಚಕ್ಕೆ ಕಿತ್ತು ಒಂದು ಲೋಟ ನೀರಿಗೆ ಹಾಕಿ ಒಂದು ಗಂಟೆ ಬಿಡಿ. ಕರಗಿ ಕೆಸರಾದರೆ ಮಣ್ಣು. ಕರಗದೆ ಉಳಿದು, ಚಾಕುವಿನಲ್ಲಿ ಕೆರೆದರೆ ಬಿಳಿ ಅಥವಾ ನಸುಗೆಂಪು ಪುಡಿ ಬಂದರೆ ಸುಣ್ಣದ ಗಾರೆ. ಬೂದು ಬಣ್ಣ ಇದ್ದು ಚಾಕು ಜಾರುವಷ್ಟು ಗಟ್ಟಿ ಇದ್ದರೆ ಸಿಮೆಂಟ್. ಒಂದೇ ಮನೆಯಲ್ಲಿ ಮೂರೂ ಇರಬಹುದು. ನಮ್ಮ ಮನೆಯಲ್ಲಿ ಹಾಗೇ ಇತ್ತು: ನಡುಮನೆ ಮಣ್ಣು, ಜಗಲಿ ಸುಣ್ಣ, ಬಚ್ಚಲು ಸಿಮೆಂಟ್. ಆದ್ದರಿಂದ ಒಂದು ಕಡೆ ನೋಡಿ ಎಲ್ಲ ಕಡೆಗೂ ತೀರ್ಮಾನ ಮಾಡಬೇಡಿ.

ಸುಮ್ನೆ ಸಿಮೆಂಟ್ ಗಾರೆ ಹಾಕಿಸಿದರೆ ಏನಾಗುತ್ತದೆ? ಎಲ್ಲರೂ ಅದನ್ನೇ ಮಾಡಿಸ್ತಾರಲ್ಲ?

ನಾನೂ ಅದನ್ನೇ ಮಾಡಿಸಿದ್ದೆ. ಪಟ್ಟಣದಿಂದ ಬಂದ ಗುತ್ತಿಗೆದಾರರು ಮಣ್ಣಿನ ಗೋಡೆಗೆ ಜಾಲರಿ ಬಡಿದು, ಮೇಲೆ ಸಿಮೆಂಟ್ ಗಾರೆ ಹಾಕಿ, ನುಣ್ಣಗೆ ತಿಕ್ಕಿ ಕೊಟ್ಟರು. ನೋಡೋಕೆ ಹೊಸ ಮನೆ ಥರ ಇತ್ತು. ಮೊದಲ ಮಳೆಗಾಲ ಕಳೆಯಿತು. ಎರಡನೇ ಮಳೆಗಾಲದಲ್ಲಿ ಅಡುಗೆಮನೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಆ ವರ್ಷ ದೀಪಾವಳಿ ಹೊತ್ತಿಗೆ ಬಾಗಿಲಿನಷ್ಟು ಅಗಲದ ಗಾರೆಯ ಚಪ್ಪಡಿ ಒಂದೇ ಸಲಕ್ಕೆ ಕಳಚಿ ಬಿತ್ತು. ಅದರ ಬೆನ್ನಿಗೆ ಎರಡು ಬೆರಳು ದಪ್ಪ ಮಣ್ಣು ಅಂಟಿಕೊಂಡು ಬಂದಿತ್ತು. ಹಿಂದಿನ ಗೋಡೆ ಮುಟ್ಟಿದರೆ ಕೈಗೆ ಕೆಸರು. ಅಜ್ಜ ಕಟ್ಟಿಸಿದ ಗೋಡೆಯನ್ನು ಆ ಸ್ಥಿತಿಯಲ್ಲಿ ನೋಡಿ ನನಗೆ ನಿಜವಾಗಿಯೂ ಅಳು ಬಂತು.

ಕಾರಣ ಸರಳ. ಮಣ್ಣು, ಸುಣ್ಣ, ಮೆತ್ತಗೆ ಸುಟ್ಟ ಹಳೆ ಇಟ್ಟಿಗೆ, ಇವೆಲ್ಲ ನೀರು ಕುಡಿಯುತ್ತವೆ, ಆಮೇಲೆ ಗಾಳಿಗೆ ಬಿಟ್ಟುಕೊಡುತ್ತವೆ. ಮಳೆಗಾಲದಲ್ಲಿ ಕುಡಿದದ್ದು ಬೇಸಿಗೆ ಬರುವಷ್ಟರಲ್ಲಿ ಆರಿರುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ ಕೂತರೆ ನೀರು ಬರುವ ದಾರಿ ಹಾಗೇ ಇರುತ್ತದೆ, ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ನೆಲದಿಂದ ಏರುತ್ತದೆ, ಬಿರುಕಿನಿಂದ ಇಳಿಯುತ್ತದೆ, ಒಳಗೇ ಉಳಿಯುತ್ತದೆ. ಇನ್ನೊಂದು ವಿಷಯ: ಹಳೆ ಗೋಡೆ ಮೆದು, ಬಿಸಿಲಿಗೂ ಮಳೆಗೂ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಬಾಗುವುದಿಲ್ಲ, ಒಡೆಯುತ್ತದೆ. ಗಾರೆ ಯಾವತ್ತೂ ಗೋಡೆಗಿಂತ ಮೆದುವಾಗಿರಬೇಕು. ಗಾರೆ ಹೋದರೆ ಮತ್ತೆ ಹಾಕಬಹುದು, ಗೋಡೆ ಹೋದರೆ ಏನು ಮಾಡ್ತೀರಿ?

ಗೋಡೆಯ ಬುಡ ತೇವ, ಬಿಳಿ ಉಪ್ಪು ಬಿಡುತ್ತಿದೆ. ಯಾವ ಗಾರೆ ಹಾಕಿದರೆ ನಿಲ್ಲುತ್ತದೆ?

ಯಾವುದೂ ಇಲ್ಲ. ಮೊದಲು ನೀರು ನಿಲ್ಲಿಸಿ, ಆಮೇಲೆ ಗಾರೆ ಮಾತಾಡೋಣ. ನನ್ನನ್ನು ಕೇಳಿದರೆ ಇಡೀ ಕೆಲಸದ ಅರ್ಧ ಇಲ್ಲೇ ಇದೆ, ಇದಕ್ಕೆ ಖರ್ಚೂ ಕಡಿಮೆ.

ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಸಿಡಿದು ಗೋಡೆಗೆ ಎಷ್ಟು ಎತ್ತರ ಹೊಡೆಯುತ್ತದೆ, ಒಡೆದ ಹಂಚು ಎಲ್ಲಿದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಹಳೆ ಮನೆಗಳಲ್ಲಿ ತುಂಬಾ ಸಲ ಆಗಿರೋದು ಏನೆಂದರೆ, ವರ್ಷವರ್ಷ ಮಣ್ಣು ಹಾಕಿ ಹಾಕಿ ಅಂಗಳ ಎತ್ತರವಾಗಿ, ಒಳಗಿನ ನೆಲಕ್ಕಿಂತ ಹೊರಗಿನ ನೆಲವೇ ಮೇಲಿರುತ್ತದೆ. ಅಥವಾ ಅಂಗಳಕ್ಕೆ ಗೋಡೆಯ ತನಕ ಕಾಂಕ್ರೀಟು ಹಾಕಿರುತ್ತಾರೆ. ಆಗ ನೆಲದ ತೇವಕ್ಕೆ ಬೇರೆ ದಾರಿ ಇಲ್ಲ, ಗೋಡೆಯನ್ನೇ ಹತ್ತುತ್ತದೆ. ಗೋಡೆಯಿಂದ ಒಂದೂವರೆ ಅಡಿ ಅಗಲ ಕಾಂಕ್ರೀಟು ತೆಗೆದು, ಒಳ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರುವ ಹಾಗೆ ಅಗೆದು, ಜಲ್ಲಿ ತುಂಬಿ, ನೀರು ಆಚೆ ಹರಿಯುವ ಹಾಗೆ ಇಳಿಜಾರು ಕೊಡಿ. ಆದರೆ ಪಾಯದ ಕಲ್ಲಿಗಿಂತ ಕೆಳಗೆ ಅಗೆಯಬೇಡಿ.

ಬಿಳಿ ಪುಡಿ ಅಂದರೆ ನೀರಿನಲ್ಲಿ ಕರಗಿ ಬಂದ ಉಪ್ಪು. ನೀರು ಆರಿದಾಗ ಉಪ್ಪು ಹರಳಾಗಿ ಹಿಗ್ಗಿ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ಪುಡಿಯನ್ನು ಆಚೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಕರಗಿ ಒಳಗೇ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ವಾಟರ್‌ಪ್ರೂಫ್ ಬಣ್ಣ ಒಳಗಡೆ ಬಳಿದರೆ ತೇವ ಇನ್ನೂ ಎರಡು ಅಡಿ ಮೇಲಕ್ಕೆ ಹತ್ತಿ ಅಲ್ಲಿ ಹೊರಬರುತ್ತದೆ, ಅಷ್ಟೇ.

ನೀರಿನ ದಾರಿ ಸರಿ ಮಾಡಿದ ಮೇಲೆ ಒಂದು ಪೂರ್ತಿ ಬೇಸಿಗೆ ಗೋಡೆ ಆರಲು ಬಿಡಿ. ಈ ತಾಳ್ಮೆ ಯಾರಿಗೂ ಇರೋದಿಲ್ಲ, ಗೊತ್ತು. ಆದರೂ ಬಿಡಿ.

ಹಳೆ ಗಾರೆಯನ್ನು ಪೂರ್ತಿ ಕೆತ್ತಿ ತೆಗೆಯಬೇಕಾ?

ಬೇಡ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಶಬ್ದ ಬಂದರೆ ಗಾರೆ ಗೋಡೆಗೆ ಹಿಡಿದುಕೊಂಡಿದೆ. ಡಬಡಬ ಅಂದರೆ ಬಿಟ್ಟುಕೊಂಡಿದೆ. ಡಬಡಬ ಅನ್ನುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಅಷ್ಟನ್ನೇ ತೆಗೆಸಿ. ಅಂಚನ್ನು ನೇರವಾಗಿ ಕತ್ತರಿಸಿಕೊಂಡರೆ ಹೊಸದು ಚೆನ್ನಾಗಿ ಕೂರುತ್ತದೆ. ಹಳೆ ಗಾರೆಯ ಒಂದು ಉಂಡೆಯನ್ನು ತೆಗೆದಿಡಿ, ಮರಳು ದಪ್ಪವೋ ಸಣ್ಣದೋ, ಇಟ್ಟಿಗೆ ಪುಡಿ ಇದೆಯೋ ಅಂತ ಹೊಸ ಮಿಶ್ರಣ ಮಾಡುವಾಗ ಅದೇ ಹೇಳುತ್ತದೆ.

ಸಿಮೆಂಟ್ ಗಾರೆ ಮಾತ್ರ, ಅದು ಬಿಟ್ಟುಕೊಂಡಿದ್ದರೆ, ಪೂರ್ತಿ ತೆಗೆಸಿ. ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಯೋಚನೆ ಮಾಡಿ, ಯಾಕಂದರೆ ಯಂತ್ರ ಇಟ್ಟು ಒಡೆಯುವಾಗ ಇಟ್ಟಿಗೆಯ ಮುಖವೇ ಹಾರಿಹೋಗುತ್ತದೆ. ಗೋಡೆ ಒಣಗಿದ್ದರೆ ಹಾಗೇ ಬಿಡುವುದೂ ಒಂದು ದಾರಿ. ತೆಗೆಯಲೇಬೇಕು ಅಂದರೆ ಸಣ್ಣ ಉಳಿ, ಸಣ್ಣ ಸುತ್ತಿಗೆ, ಅಂಚಿನಿಂದ ಶುರು.

ಒಂದು ಬೇಡಿಕೆ: ಸಾಗರ, ಸೊರಬ ಕಡೆಯ ಹಳೆ ಮನೆಗಳ ಗೋಡೆ ಮೇಲೆ ಹಸೆ ಚಿತ್ತಾರ ಇದ್ದರೆ ಅದಕ್ಕೆ ಕೈ ಹಚ್ಚಬೇಡಿ. ಮಾಸಿದ್ದರೂ ಸರಿ. ದೀವರ ಹೆಣ್ಣುಮಕ್ಕಳು ಬರೆದದ್ದು ಅದು, ಇನ್ನೊಂದು ಸಲ ಅದೇ ಕೈ ಬರೆಯುವುದಿಲ್ಲ. ಸುತ್ತ ಗಾರೆ ಮಾಡಿಸಿ, ಅದನ್ನು ಉಳಿಸಿಕೊಳ್ಳಿ.

ಹಳೆ ಎಣ್ಣೆ ಬಣ್ಣವನ್ನು ಒಣಗಿರುವಾಗ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಬಂದಿದ್ದೇ 2016ರಲ್ಲಿ. ಅದಕ್ಕಿಂತ ಮುಂಚಿನ ಬಣ್ಣದ ಧೂಳು ಮಕ್ಕಳಿಗೆ ಒಳ್ಳೆಯದಲ್ಲ. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿ.

ಗೋಡೆ ಬಿರುಕು ಬಿಟ್ಟಿದೆ. ಗಾರೆ ಹಾಕಿದರೆ ಮುಚ್ಚಿಕೊಳ್ಳುತ್ತದಾ?

ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ತುಂಡನ್ನು ಎರಡೂ ಕಡೆ ಅಂಟಿಸಿ, ತಾರೀಕು ಬರೆದು, ಒಂದು ಮಳೆಗಾಲ ನೋಡಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಅಂಥ ಬಿರುಕನ್ನು ಗಾರೆಯಲ್ಲಿ ಮುಚ್ಚುವುದು ಅಪಾಯ. ಗೋಡೆ ಹೊಟ್ಟೆ ಬಂದಿದ್ದರೆ, ತೊಲೆ ಕೂತ ಜಾಗದಲ್ಲಿ ಬಿರುಕಿದ್ದರೆ, ಅರಳಿಯೋ ಆಲವೋ ಬೇರು ಬಿಟ್ಟಿದ್ದರೆ, ಹಳೆ ಕಟ್ಟಡ ಗೊತ್ತಿರುವ ಇಂಜಿನಿಯರ್ ಬಂದು ನೋಡಲೇಬೇಕು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಪ್ರಾಣ ಕಳೆದುಕೊಂಡರು. ನಾಲ್ಕೇ ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲದ ತಿಂಗಳೇ. ಇದರಲ್ಲಿ ಧೈರ್ಯ ತೋರಿಸಬೇಡಿ.

ಸುಣ್ಣದ ಗಾರೆ ಹೇಗೆ ಕಲಸುವುದು?

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಅದಕ್ಕೆ ನೀರು ಸೇರಿದರೆ ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅಂದರೆ ಸುಣ್ಣ ಒಣಗಿ ಗಟ್ಟಿಯಾಗುವುದಲ್ಲ, ಗಾಳಿ ಕುಡಿದು ಗಟ್ಟಿಯಾಗುವುದು. ಅದಕ್ಕೇ ನಿಧಾನ. ಕರಾವಳಿಯಲ್ಲಿ ಕಲ್ಲಿನ ಬದಲು ಕಪ್ಪೆಚಿಪ್ಪು ಸುಟ್ಟ ಸುಣ್ಣ, ಅದೂ ಚೆನ್ನಾಗಿರುತ್ತದೆ.

ಸುಟ್ಟ ಸುಣ್ಣ ಸಿಕ್ಕರೆ ಮನೆಯಲ್ಲೇ ಅರಳಿಸಬಹುದು, ಆದರೆ ಹುಷಾರು. ಮೊದಲು ತೊಟ್ಟಿಗೆ ನೀರು, ಆಮೇಲೆ ಸ್ವಲ್ಪಸ್ವಲ್ಪವೇ ಸುಣ್ಣ. ಉಲ್ಟಾ ಮಾಡಬೇಡಿ. ಕೊತಕೊತ ಕುದಿಯುತ್ತದೆ, ಸಿಡಿಯುತ್ತದೆ. ಪ್ಲಾಸ್ಟಿಕ್ ಡ್ರಮ್ ಕರಗಬಹುದು, ಮುಚ್ಚಳ ಹಾಕಿದರೆ ಸಿಡಿದು ಹಾರಬಹುದು. ಕನ್ನಡಕ, ಕೈಗವಸು, ಪೂರ್ತಿ ತೋಳಿನ ಅಂಗಿ ಬೇಕೇಬೇಕು. ಮಕ್ಕಳು, ನಾಯಿ ಹತ್ತಿರ ಸುಳಿಯಬಾರದು. ಕಣ್ಣಿಗೆ ಹಾರಿದರೆ ಕಾಲು ಗಂಟೆ ಒಂದೇ ಸಮನೆ ನೀರು ಬಿಟ್ಟು ತೊಳೆದು ಸೀದಾ ಆಸ್ಪತ್ರೆಗೆ. ಕುದಿ ನಿಂತ ಮೇಲೆ ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲುವ ಹಾಗೆ ಬಿಟ್ಟು, ಕನಿಷ್ಠ ಎರಡು ವಾರ, ಸಾಧ್ಯವಾದರೆ ತಿಂಗಳುಗಟ್ಟಲೆ ಇಡಿ. ಹಳೆಯದಾದಷ್ಟೂ ಬೆಣ್ಣೆಯ ಹಾಗೆ ಆಗುತ್ತದೆ. ಅರಳದ ಕಾಳು ಉಳಿದರೆ ಗೋಡೆಗೆ ಹೋದ ಮೇಲೆ ಅಲ್ಲಿ ಅರಳಿ, ಗುಳ್ಳೆ ಎದ್ದು ಸಿಡಿಯುತ್ತದೆ.

ಅಳತೆ: ಒಳಗೋಡೆಗೆ ಒಂದು ಭಾಗ ಸುಣ್ಣ, ಮೂರು ಭಾಗ ಮರಳು. ಮಳೆ ಬಡಿಯುವ ಹೊರಗೋಡೆಗೆ ಒಂದು ಸುಣ್ಣ, ಒಂದು ಸುರ್ಕಿ, ಎರಡು ಮರಳು. ಸುರ್ಕಿ ಅಂದರೆ ಹದವಾಗಿ ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ. ಸುಟ್ಟು ಕಪ್ಪಾದ ಇಟ್ಟಿಗೆ ಬೇಡ, ಅದು ಸುಣ್ಣದ ಜೊತೆ ಬೆರೆಯುವುದಿಲ್ಲ. ಸುರ್ಕಿ ಸೇರಿದ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಕಲ್ಲು ಮತ್ತು ಸುರ್ಕಿ ಗಾರೆಯಲ್ಲೇ ನಿಂತಿದೆ. "ಸುಣ್ಣಕ್ಕೆ ಎಲ್ಲಿ ಬಲ ಇದೆ ಸಾರ್" ಅನ್ನುವವರಿಗೆ ನಾನು ಹೇಳುವ ಉತ್ತರ ಇದೊಂದೇ.

ಮರಳು ಕೈಯಲ್ಲಿ ಹಿಂಡಿದರೆ ಮಣ್ಣು ಅಂಟಬಾರದು. ಸಮುದ್ರದ ಹೊಯಿಗೆ ಯಾವ ಕಾರಣಕ್ಕೂ ಬೇಡ, ಉಪ್ಪು ಬಿಟ್ಟೇ ಬಿಡುತ್ತದೆ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಆದರೆ ಗಾರೆಗೆ ಅಂತ ಬೇರೆ ಜರಡಿ ಹಿಡಿದದ್ದು ಸಿಗುತ್ತದೆ, ಅದನ್ನು ತರಿಸಿ. ನೀರು ಆದಷ್ಟು ಕಡಿಮೆ. ಬಲ ಬರೋದು ತುಳಿಯುವುದರಿಂದ, ಅರೆಯುವುದರಿಂದ. ಹಳೆ ದೇವಸ್ಥಾನ, ಕೋಟೆಗಳ ಹತ್ತಿರ ದುಂಡಗಿನ ಕಾಲುವೆ ಥರ ಗಾರೆ ಅರೆಯುವ ಗಾಣ ನೋಡಿರಬಹುದು. ಎತ್ತು ಕಟ್ಟಿ ಕಲ್ಲಿನ ಚಕ್ರ ಸುತ್ತಿಸುತ್ತಿದ್ದರು. ನಾವು ನಾಲ್ಕು ಜನ ಬೂಟು ಹಾಕಿಕೊಂಡು ತುಳಿದೆವು.

ಬೆಲ್ಲ, ಅಳಲೆಕಾಯಿ, ಮೊಟ್ಟೆ ಹಾಕ್ತಿದ್ದರಂತೆ, ನಿಜಾನಾ?

ನಿಜ. ದಕ್ಷಿಣ ಭಾರತದಲ್ಲಿ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಗಾರೆಗೆ ಹಾಕುವುದು ಹಳೆಯ ಪದ್ಧತಿ. ತಮಿಳುನಾಡಿನ ಚೆಟ್ಟಿನಾಡಿನ ಕನ್ನಡಿಯಂಥ ಗೋಡೆಗಳ ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿ ಸೇರಿಸುತ್ತಿದ್ದರು. ಬೆಲ್ಲ ಹಾಕಿದರೆ ಗಾರೆ ಕಲಸಲು ಸಲೀಸು, ಕಡಿಮೆ ನೀರು ಸಾಕು. ಆದರೆ ಜಾಸ್ತಿ ಹಾಕಿದರೆ ಗಟ್ಟಿಯಾಗುವುದು ತಡವಾಗುತ್ತದೆ, ಇರುವೆಯೂ ಬರುತ್ತದೆ. ಸುಣ್ಣ ಚೆನ್ನಾಗಿ ಅರಳಿ, ಮರಳು ಶುದ್ಧ ಇದ್ದರೆ ಇವು ಇಲ್ಲದೆಯೂ ಗೋಡೆ ನಿಲ್ಲುತ್ತದೆ. ನಾನು ಅಳಲೆಕಾಯಿ ನೀರು ಮಾತ್ರ ಹಾಕಿಸಿದೆ.

ಗೋಡೆಗೆ ಬಳಿಯುವ ಕ್ರಮ?

ಸಂದುಗಳನ್ನು ಅರ್ಧ ಇಂಚು ಆಳ ಕೆರೆದು, ಧೂಳು ಗುಡಿಸಿ, ಹಿಂದಿನ ದಿನ ಸಂಜೆಯೇ ನೀರು ಚಿಮುಕಿಸಿ. ಬೆಳಿಗ್ಗೆ ಇನ್ನೊಂದು ಸಲ. ಗೋಡೆ ಒದ್ದೆ ಇರಬೇಕು, ನೀರು ಇಳಿಯುತ್ತಿರಬಾರದು. ಮೊದಲ ಪದರವನ್ನು ಕರಣೆಯಲ್ಲಿ ಬೀಸಿ ಎರಚಬೇಕು. ಎರಚಿದ ಗಾರೆ ಕಚ್ಚಿಕೊಳ್ಳುವ ಹಾಗೆ ಒತ್ತಿದ್ದು ಕಚ್ಚಿಕೊಳ್ಳುವುದಿಲ್ಲ. ಒಂದು ಪದರ ಅರ್ಧ ಇಂಚು ಮೀರಬಾರದು, ಗುಂಡಿ ಇದ್ದರೆ ಅದನ್ನು ಮೊದಲೇ ಇಟ್ಟಿಗೆ ಚೂರು ಸೇರಿಸಿ ತುಂಬಿಕೊಳ್ಳಿ. ಮೇಲೆ ಗೀರು ಹಾಕಿ ಬಿಡಿ. ಉಗುರು ಒತ್ತಿದರೆ ಅಚ್ಚು ಬೀಳದಷ್ಟು ಬಿಗಿಯಾದ ಮೇಲೆ ಎರಡನೆಯದು, ಇದಕ್ಕೆ ಒಂದು ವಾರವೂ ಹಿಡಿಯಬಹುದು. ಕೊನೆಯದು ಸಣ್ಣ ಮರಳಿನ ತೆಳು ಪದರ. ಕೂದಲೆಳೆ ಬಿರುಕು ಕಂಡರೆ ಗಾಬರಿ ಬೇಡ, ನೀರು ಚಿಮುಕಿಸಿ ಮರದ ಹಲಗೆಯಲ್ಲಿ ಮತ್ತೆ ಉಜ್ಜಿದರೆ ಕೂಡಿಕೊಳ್ಳುತ್ತದೆ. ಎರಡು ವಾರ ಒದ್ದೆ ಗೋಣಿತಾಟು ಕಟ್ಟಿ ನೆರಳು ಮಾಡಿ.

ಪೂರ್ತಿ ಮಣ್ಣಿನ ಗೋಡೆಗೂ ಸುಣ್ಣವೇ?

ಒಳಗಡೆ ಮಣ್ಣಿಗೆ ಮಣ್ಣೇ ಚೆಂದ. ಬಾಟಲಿಯಲ್ಲಿ ಅರ್ಧ ಮಣ್ಣು, ಅರ್ಧ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಇಡಿ. ಕೆಳಗೆ ಮರಳು, ನಡುವೆ ಗೋಡು, ಮೇಲೆ ಜೇಡಿ ಬೇರೆಬೇರೆಯಾಗಿ ಕೂರುತ್ತವೆ. ಜೇಡಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇದ್ದರೆ ಗೋಡೆ ಸೀಳುತ್ತದೆ, ಮರಳು ಸೇರಿಸಿ. ಕತ್ತರಿಸಿದ ಭತ್ತದ ಹುಲ್ಲು, ಹೊಟ್ಟು, ಸಗಣಿ ಬೆರೆಸಿ, ವಾರ ಹತ್ತು ದಿನ ಕೊಳೆಯಲು ಬಿಟ್ಟು ಬಳಿಯಿರಿ. ಮೊದಲು ಒಂದೊಂದು ಅಡಿ ಚೌಕದಲ್ಲಿ ಮೂರು ನಾಲ್ಕು ಅಳತೆ ಹಚ್ಚಿ ನೋಡಿ, ಬಿರಿಯದ್ದನ್ನು ಆರಿಸಿಕೊಳ್ಳಿ. ಹೊರಗಡೆ ಮಣ್ಣಿನ ಮೇಲೆ ತೆಳ್ಳಗೆ ಸುಣ್ಣದ ಗಾರೆ ಹಾಕಬಹುದು, ಸೂರು ಅಗಲ ಇರಬೇಕು ಅಷ್ಟೇ. ಗೆದ್ದಲು ಹಾದಿ ಕಂಡರೆ ಗಾರೆಗೆ ಮುಂಚೆ ಅದರ ಉಪಚಾರ ಮುಗಿಸಿ.

ಮೇಸ್ತ್ರಿ ಸುಣ್ಣ ಅಂದರೆ ಒಪ್ಪುತ್ತಿಲ್ಲ. ಏನು ಮಾಡುವುದು?

ಅವರನ್ನು ಬೈಯಬೇಡಿ. ಈಗಿನವರು ಕೆಲಸ ಕಲಿತಿದ್ದೇ ಸಿಮೆಂಟಿನಲ್ಲಿ. ಬೆಳಿಗ್ಗೆ ಹಾಕಿ ಸಂಜೆ ಮುಗಿಸುವ ಲೆಕ್ಕ ಅವರದ್ದು, ಸುಣ್ಣಕ್ಕೆ ಮತ್ತೆ ಮತ್ತೆ ಬರಬೇಕು. ಚದರ ಅಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರೆ ಅವರಿಗೆ ನಷ್ಟ, ಆದ್ದರಿಂದ ದಿನಗೂಲಿ ಕೊಡಿ. ದನದ ಕೊಟ್ಟಿಗೆಯ ಗೋಡೆಯಲ್ಲಿ ಮೊದಲು ಕೈ ಪಳಗಿಸಿಕೊಳ್ಳಲಿ. ನಮ್ಮ ಕೆಲಸ ದಾರಿಗೆ ಬಂದದ್ದು ಪಕ್ಕದೂರಿನ ವಯಸ್ಸಾದ ಗಾರೆಯವರೊಬ್ಬರು ಬಂದು ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಟ್ಟ ಮೇಲೆ. ಅವರು ಕರಣೆ ಹಿಡಿಯಲಿಲ್ಲ, ಗಾರೆಯನ್ನು ಬೆರಳಲ್ಲಿ ಉಜ್ಜಿ "ಇನ್ನೂ ತುಳೀರಿ" ಅಂತಿದ್ದರು. ನಿಮ್ಮ ಊರಿನಲ್ಲೂ ಅಂಥ ಹಿರಿಯರು ಇರಬಹುದು. ಹುಡುಕಿ, ಗೌರವದಿಂದ ಕರೆಸಿ, ಅವರ ದಿನಕ್ಕೂ ಕೂಲಿ ಕೊಡಿ.

ಸುಣ್ಣದ ಜೊತೆ "ಒಂದು ಹಿಡಿ ಸಿಮೆಂಟ್" ಸೇರಿಸೋಣ ಅಂತ ಖಂಡಿತ ಹೇಳುತ್ತಾರೆ. ಬೇಡ ಅನ್ನಿ. ಬೇಗ ಬಿಗಿಯಾಗಬೇಕು ಅಂದರೆ ಸುರ್ಕಿ ಇದೆಯಲ್ಲ.

ಯಾವ ತಿಂಗಳಲ್ಲಿ ಮಾಡಿಸಬೇಕು? ಎಷ್ಟು ಸಾಮಾನು ಬೇಕು?

ಮಲೆನಾಡು, ಕರಾವಳಿಯಲ್ಲಿ ದೀಪಾವಳಿ ಕಳೆದು ಶುರು ಮಾಡಿ ಫೆಬ್ರುವರಿ ಒಳಗೆ ಮುಗಿಸಿ. ಏಪ್ರಿಲ್ ಬಿಸಿಲಿನಲ್ಲಿ ಗಾರೆ ಸುಟ್ಟ ಹಾಗೆ ಒಣಗಿ ಪುಡಿಯಾಗುತ್ತದೆ, ಜೂನ್ ಬಂದರೆ ತೊಳೆದುಹೋಗುತ್ತದೆ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಹಸಿ ಗಾರೆ ಅದನ್ನು ತಡೆಯುವುದಿಲ್ಲ.

ಲೆಕ್ಕ ಹೀಗೆ: ಒಂದು ಚದರ, ಅಂದರೆ 100 ಚದರ ಅಡಿ ಗೋಡೆಗೆ 15 ಮಿ.ಮೀ. ದಪ್ಪ ಹಾಕಿದರೆ ಸುಮಾರು 5 ಘನ ಅಡಿ ಗಾರೆ. ಹಳೆ ಗೋಡೆ ಅಂಕುಡೊಂಕು, ಮೇಲಾಗಿ ಕೆಳಗೆ ಬೀಳುವುದೂ ಇರುತ್ತದೆ, ಹಾಗಾಗಿ 7 ಅಂತ ಇಟ್ಟುಕೊಳ್ಳಿ. ಒಳಗೋಡೆಯ ಅಳತೆಯಲ್ಲಿ ಅದಕ್ಕೆ 7 ಘನ ಅಡಿ ಮರಳು, ಎರಡೂ ಕಾಲು ಘನ ಅಡಿ ಸುಣ್ಣ. ಮರಳಿನ ಸಂದಿನಲ್ಲೇ ಸುಣ್ಣ ಕೂರುವುದರಿಂದ ಒಟ್ಟು ಗಾತ್ರ ಹೆಚ್ಚು ಏರುವುದಿಲ್ಲ. ಅಳೆಯಲು ಒಂದೇ ಬಾಂಡ್ಲಿ ಬಳಸಿ.

ಈಗ ಸೆಕೆಯ ವಿಷಯ. ಹಳೆ ಗೋಡೆಗೆ ಇನ್ಸುಲೇಶನ್, ಅಂದರೆ ಬಿಸಿ ತಡೆಯುವ ಪದರ, ಬೇಕಾ?

ಗೋಡೆ ಒಂದೂವರೆ ಅಡಿ ಇದ್ದರೆ ಬಹುಪಾಲು ಬೇಡ. ದಪ್ಪ ಮಣ್ಣಿನ ಗೋಡೆಯ ಹೊರಮೈಗೆ ಮಧ್ಯಾಹ್ನ ಬಿದ್ದ ಬಿಸಿ ಒಳಮೈ ತಲುಪಲು ಹತ್ತು ಗಂಟೆಯ ಆಸುಪಾಸು ಹಿಡಿಯುತ್ತದೆ. ಅಷ್ಟರಲ್ಲಿ ರಾತ್ರಿಯಾಗಿ, ಕಿಟಕಿ ತೆರೆದು, ಹೊರಗಿನ ತಂಪು ಒಳಗೆ ಬಂದಿರುತ್ತದೆ. ಅಜ್ಜನ ಮನೆ ತಂಪು ಅನ್ನಿಸೋದು ಇದರಿಂದಲೇ. ರಾತ್ರಿ ತಂಪಾಗುವ ಒಳನಾಡಿನಲ್ಲಿ ಇದು ತುಂಬಾ ಚೆನ್ನಾಗಿ ನಡೆಯುತ್ತದೆ. ಕರಾವಳಿಯಲ್ಲಿ ರಾತ್ರಿಯೂ ಸೆಕೆ, ಅಲ್ಲಿ ಗೋಡೆಗಿಂತ ಗಾಳಿ ಓಡಾಡುವುದು ಮುಖ್ಯ. ಮುಚ್ಚಿಹಾಕಿದ ಬೆಳಕಿಂಡಿ, ಗವಾಕ್ಷಿ ಇದ್ದರೆ ಮೊದಲು ಅವನ್ನು ತೆರೆಸಿ.

ನಿಜವಾದ ಬಿಸಿ ಬರುವುದು ಮೇಲಿನಿಂದ. ನಮ್ಮ ರಾಜ್ಯದಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಹಾಗಾಗಿ ಕೈಯಲ್ಲಿ ದುಡ್ಡು ಸ್ವಲ್ಪವೇ ಇದ್ದರೆ ಅದು ಮಾಡಿಗೆ ಹೋಗಲಿ. ಹಂಚಿನ ಮನೆಯಲ್ಲಿ ಮುಚ್ಚಿಗೆ (ಹಂಚಿನ ಕೆಳಗಿನ ಹಲಗೆಯ ಒಳಛಾವಣಿ) ಇದ್ದರೆ ಅದನ್ನು ಕಿತ್ತುಹಾಕಬೇಡಿ. ಹಂಚಿಗೂ ಮುಚ್ಚಿಗೆಗೂ ನಡುವಿನ ಗಾಳಿಯೇ ಒಳ್ಳೆಯ ತಡೆ. ಅದರ ಮೇಲೆ ಹಿಂದಿನವರು ಮಣ್ಣು ಮೆತ್ತಿದ್ದರೆ ಇನ್ನೂ ಒಳ್ಳೆಯದು. ಗಾಳಿ ಆಚೆ ಹೋಗಲು ಎರಡೂ ತುದಿಯಲ್ಲಿ ಜಾಲರಿ ಹಾಕಿದ ಕಿಂಡಿ ಇರಲಿ. ಆರ್‌ಸಿಸಿ ತಾರಸಿ ಆದರೆ ಬಿಳಿ ಸುಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗದ ದಾರಿ. ಒಡೆದ ಬಿಳಿ ಟೈಲ್ಸ್ ಕೂರಿಸುವುದು ಹೆಚ್ಚು ದಿನ ಬಾಳುತ್ತದೆ.

ಪಶ್ಚಿಮದ ಗೋಡೆ ಸಂಜೆ ಕೆಂಡವಾಗುತ್ತದೆ. ಅದಕ್ಕಾದರೂ ಏನಾದರೂ ಮಾಡಬೇಕಲ್ವಾ?

ಮಾಡಬೇಕು. ಬೇಸಿಗೆಯಲ್ಲಿ ಪೂರ್ವ, ಪಶ್ಚಿಮದ ಗೋಡೆಗಳಿಗೇ ಬಿಸಿಲು ನೇರ ಬಡಿಯುತ್ತದೆ. ಮೊದಲ ಮದ್ದು ನೆರಳು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರಲ್ಲ, ಅದೇ ಲೆಕ್ಕ. ಗೋಡೆಯಿಂದ ಒಂದು ಅಡಿ ಆಚೆ ಚೌಕಟ್ಟು ನಿಲ್ಲಿಸಿ ತಟ್ಟಿ ಕಟ್ಟಿ, ಇಲ್ಲವೇ ಬಳ್ಳಿ ಹಬ್ಬಿಸಿ. ಬಳ್ಳಿ ಗೋಡೆಗೆ ಅಂಟಬಾರದು, ಬೇರು ಗಾರೆಯೊಳಗೆ ಇಳಿಯುತ್ತದೆ. ಆಮೇಲೆ ಬಿಳಿ ಸುಣ್ಣ. ಅದೂ ಸಾಲದೆ, ಗೋಡೆ ಒಂಬತ್ತೇ ಇಂಚು ಇದ್ದರೆ, ಹೊರಗಡೆಯಿಂದ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ಬೆರೆಸಿದ ಸುಣ್ಣದ ಗಾರೆ ಹಾಕಿಸಬಹುದು. ಇವು ಬಿಸಿಗೆ ಅರಳಿದ ಹಗುರ ಖನಿಜದ ಕಾಳು, ಒಳಗೆಲ್ಲ ಗಾಳಿ. ಇದರ ಗಾರೆ ಮೆತ್ತಗಿರುತ್ತದೆ, ಮಕ್ಕಳು ಚೆಂಡು ಹೊಡೆಯುವ ಗೋಡೆಗೆ ಬೇಡ.

ಒಳಗಡೆ ಥರ್ಮೋಕೋಲ್ ಹೊಡೆದು ಮೇಲೆ ಜಿಪ್ಸಮ್ ಬೋರ್ಡ್ ಹಾಕಿದರೆ?

ಬಿಸಿ ತಡೆಯುವುದರಲ್ಲಿ ಥರ್ಮೋಕೋಲ್ ಗಟ್ಟಿ ಸಾಮಾನೇ. ಒಂದು ಇಂಚು ಥರ್ಮೋಕೋಲ್ ಸುಮಾರು 20 ಇಂಚು ಇಟ್ಟಿಗೆಯಷ್ಟು ತಡೆಯುತ್ತದೆ. ಆದರೂ ಹಳೆ ಗೋಡೆಯ ಒಳಮೈಗೆ ನಾನು ಬೇಡ ಅನ್ನುತ್ತೇನೆ. ಗೋಡೆಯ ತಂಪು ನಿಮ್ಮಿಂದ ದೂರವಾಗುತ್ತದೆ, ಮಳೆಗಾಲದ ತೇವ ಹಿಂದೆ ಸಿಕ್ಕಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ, ಗೆದ್ದಲು ಬಂದರೆ ಕಾಣುವುದೂ ಇಲ್ಲ. ಥರ್ಮೋಕೋಲ್ ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಕಡೆ ಎಸಿ ಹಾಕಿದ ಕೋಣೆಯಾದರೆ ಇನ್ನೂ ಕಷ್ಟ: ಹೊರಗಿನ ತೇವದ ಗಾಳಿ ತಣ್ಣಗಿನ ಮೈಗೆ ತಾಗಿ ನೀರಾಗುತ್ತದೆ. ಎಸಿ ಬೇಕೇಬೇಕು ಅಂದರೆ ಒಂದು ಕೋಣೆಗೆ ಮಾತ್ರ ಹಾಕಿಸಿ, ಅದರ ಮೇಲ್ಛಾವಣಿಗೆ ತಡೆ ಕೊಡಿ.

ನಾವು ಇಂಗ್ಲೆಂಡ್‌ನಲ್ಲಿ ಹಳೆ ಮನೆ ಕೊಂಡಿದ್ದೇವೆ. ಇದೇ ಮಾತು ಅಲ್ಲಿಗೂ ಸರಿಯಾ?

ಅಕ್ಕನ ಮಗಳು ಕೇಳಿದ್ದು ಇದು. ಅಲ್ಲಿ ತಡೆಯಬೇಕಾದ್ದು ಚಳಿ, ಆದ್ದರಿಂದ ಇನ್ಸುಲೇಶನ್ ಬೇಕು. ಆದರೆ 1919ಕ್ಕಿಂತ ಹಿಂದಿನ ಅಲ್ಲಿನ ಬಹುತೇಕ ಮನೆಗಳದ್ದು ನಡುವೆ ಸಂದಿಲ್ಲದ ಒಂಟಿ ಇಟ್ಟಿಗೆ ಗೋಡೆ, ಅದೂ ಸುಣ್ಣದ ಗಾರೆಯದ್ದೇ. ಅಡುಗೆ, ಸ್ನಾನದ ಹಬೆ ಒಳಗಿನಿಂದ ಹೊರಗೆ ಹೋಗುವಾಗ ತಣ್ಣಗಿನ ಇಟ್ಟಿಗೆಯಲ್ಲಿ ನೀರಾಗಿ, ಗೋಡೆಯೊಳಗೆ ತುದಿ ಊರಿರುವ ಮರದ ತೊಲೆ ಕೊಳೆಯುತ್ತದೆ. ಅದಕ್ಕೆ ಅಲ್ಲಿ ಹಬೆ ಬಿಡುವ ಮರದ ನಾರಿನ ಹಲಗೆ ಹಾಕಿ ಮೇಲೆ ಸುಣ್ಣದ ಗಾರೆ ಬಳಿಯುತ್ತಾರೆ. ಹಲಗೆ ಗೋಡೆಗೆ ಪೂರ್ತಿ ಕಚ್ಚಿರಬೇಕು, ಹಿಂದೆ ಖಾಲಿ ಜಾಗ ಬಿಡಬಾರದು. ಜೊತೆಗೆ ಅಡುಗೆಮನೆ, ಬಚ್ಚಲಿಗೆ ಹಬೆ ಎಳೆಯುವ ಫ್ಯಾನ್.

ಕರಾವಳಿಯ ಮುರಕಲ್ಲು, ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆ: ಬೇರೆ ಏನಾದರೂ ಇದೆಯಾ?

ಮುರಕಲ್ಲಿನ ಮೈ ತೂತುತೂತು, ಗಾರೆ ಚೆನ್ನಾಗಿ ಕಚ್ಚುತ್ತದೆ. ಒಳ್ಳೆ ಗಟ್ಟಿ ಕಲ್ಲಾದರೆ ಹೊರಗಡೆ ಗಾರೆಯೇ ಬೇಕಿಲ್ಲ, ಸಂದು ತುಂಬಿಸಿದರೆ ಸಾಕು. ಪಾರದರ್ಶಕ ವಾರ್ನಿಷ್ ಮಾತ್ರ ಬಳಿಯಬೇಡಿ, ಹೊಳೆಯುತ್ತದೆ ಅಂತ ಎಲ್ಲರೂ ಮಾಡುತ್ತಿದ್ದಾರೆ, ಒಳಗೆ ಹೋದ ನೀರಿಗೆ ದಾರಿ ಇರುವುದಿಲ್ಲ. ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ಗೋಡೆ ಹಾಳಾಗುವುದು ಹೆಚ್ಚಾಗಿ ಮೇಲಿನಿಂದ. ಮಾಳಿಗೆಯ ಮಣ್ಣು ಸವೆದು ನೀರು ಗೋಡೆಯ ನೆತ್ತಿಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಮೇಲೆ ಮಣ್ಣು ಹಾಕಿ ಬಡಿಯುವುದನ್ನು ನಿಲ್ಲಿಸಬೇಡಿ, ನೀರು ಬೀಳುವ ದೋಣಿ ಗೋಡೆಯಿಂದ ದೂರ ಚಾಚಿರಲಿ.

ಹೊಸ ವೈರಿಂಗ್‌ಗೆ ಗೋಡೆ ಕೊರೆಸಬಹುದಾ?

ಮಣ್ಣಿನ ಗೋಡೆಯಲ್ಲಿ ಬೇಡ, ಅಡ್ಡಡ್ಡ ಕೊರೆಯುವುದಂತೂ ಬೇಡವೇ ಬೇಡ. ಗೋಡೆಯ ಮೇಲೇ ಪೈಪ್ ಓಡಿಸಿ. ಗಾರೆ ಶುರು ಮಾಡುವ ಮುಂಚೆ ಇದನ್ನು ಎಲೆಕ್ಟ್ರಿಷಿಯನ್‌ಗೆ ಹೇಳಿಬಿಡಿ.

ಕೊನೆಗೆ ಯಾವ ಬಣ್ಣ ಬಳಿಯುವುದು?

ಇಲ್ಲೇ ಎಷ್ಟೋ ಜನ ಇಷ್ಟೆಲ್ಲ ಮಾಡಿ ಕೆಡಿಸಿಕೊಳ್ಳುತ್ತಾರೆ. ಸುಣ್ಣದ ಗಾರೆ ಮೇಲೆ ವಾಲ್ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್. ಗೋಡೆಗೆ ಪ್ಲಾಸ್ಟಿಕ್ ಚೀಲ ಸುತ್ತಿದ ಹಾಗೆ ಅದು. ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಒದ್ದೆ ಗೋಡೆಗೆ ನಾಲ್ಕೈದು ಕೋಟ್ ಬಳಿಯಿರಿ. ಬಳಿಯುವಾಗ ನೀರಿನ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಬಿಳುಪು ಬರುತ್ತದೆ, ಹಾಗಾಗಿ ದಪ್ಪ ಮಾಡಬೇಡಿ. ಬೆಳ್ಳಗೆ ಹೊಳೆಯಬೇಕು ಅಂದರೆ ಬಟ್ಟೆಗೆ ಹಾಕುವ ನೀಲಿ ಒಂದೆರಡು ಹನಿ. ಕೆಮ್ಮಣ್ಣು ಸೇರಿಸಿದರೆ ಹಳೆ ಮನೆಗೆ ಒಪ್ಪುವ ಕೆಂಪು.

"ಒರಗಿದರೆ ಬಟ್ಟೆಗೆ ಸುಣ್ಣ ಅಂಟುತ್ತಲ್ವಾ?" ಅಂತ ನಮ್ಮಮ್ಮನೂ ಕೇಳಿದ್ದರು. ಕೊನೆಯ ಕೋಟಿಗೆ ಸ್ವಲ್ಪ ಅಕ್ಕಿ ಗಂಜಿ ಸೇರಿಸಿದರೆ ಕಡಿಮೆಯಾಗುತ್ತದೆ. ಜಗಲಿಯಲ್ಲಿ ಒರಗಿ ಕೂರುವ ಎತ್ತರದ ತನಕ ನಾವು ಕೆಮ್ಮಣ್ಣಿನ ಪಟ್ಟಿ ಬಳಿದು, ಮೇಲೆ ಚಾಪೆ ಕಟ್ಟಿದ್ದೇವೆ. ಪ್ರತಿ ವರ್ಷ ದೀಪಾವಳಿಗೆ ಮುಂಚೆ ಇನ್ನೊಂದು ಕೋಟ್ ಸುಣ್ಣ ಬಳಿಯುತ್ತೇವೆ. ಅರ್ಧ ದಿನದ ಕೆಲಸ, ಮಕ್ಕಳೂ ಬ್ರಷ್ ಹಿಡಿಯುತ್ತಾರೆ.